ಮಗುಚಕ್ಕನ ಹನ್ನೊಂದು ವರ್ಷದ ತಪ್ಪು

ನಮ್ಮಕ್ಕನಿಗೆ ಬಂದರಲ್ಲಿ ಎಲ್ಲರೂ ಮಗುಚಕ್ಕ ಅಂತಿದ್ರು. ಮೀನು ಕೈಗೆ ಸಿಕ್ಕಿದ್ರೆ ಸಾಕು, ಮಗುಚಿ ಹೊಟ್ಟೆ ನೋಡೋಳು. ಬಲೇಲಿ ಬಂದದ್ದನ್ನ ಜಾತಿವಾರು ವಿಂಗಡಿಸಿ ಮೀನುಗಾರಿಕೆ ಆಫೀಸಿನ ಪುಸ್ತಕದಲ್ಲಿ ಬರೆಸೋದು ಅವಳ ಕೆಲಸ. ಓದಿದ್ದು ಮೂರನೇ ಕ್ಲಾಸು. ಆದ್ರೆ ಮೀನಿನ ಮುಖ ನೋಡಿ ಅದರ ಅಜ್ಜಿ ಎಲ್ಲಿ ಸತ್ತಳು ಅಂತಾನೂ ಹೇಳೋಳು. ಸುಳ್ಳಲ್ರೋ ಮಕ್ಕಳಾ, ಅವಳ ಬುಟ್ಟಿ ಹೊತ್ತ ನನ್ನ ಸೊಂಟಾನ ಕೇಳಿ.

ಏಂಜಲ್ ಶಾರ್ಕ್ ಅಂತ ಒಂದಿದೆ. ರೋಡ್ ರೋಲರ್ ಹತ್ತಿ ಹೋದ ಶಾರ್ಕಿನ ಹಾಗೆ, ಅಪ್ಪಚ್ಚಿ. ಸಮುದ್ರದ ತಳದಲ್ಲಿ ಮರಳು ಹೊದ್ದು, ಕಣ್ಣಷ್ಟೇ ಹೊರಗಿಟ್ಟು ಬಿದ್ದಿರುತ್ತೆ, ಥೇಟ್ ನಮ್ಮ ಭಾವ. ಒಂದೇ ವ್ಯತ್ಯಾಸ, ಊಟ ಹತ್ತಿರ ಬಂದ್ರೆ ಅದು ಏಳುತ್ತೆ. ಎಲ್ಲರೂ ಅದನ್ನ ಚಪ್ಪಟೆ ತೊರಕೆ ಮೀನು ಅಂತ ತೊರಕೆ ರಾಶಿಗೇ ಎಸೆಯೋರು. ಅಕ್ಕ ಎತ್ತಿ ಮಗುಚೋಳು.

"ತೊರಕೆಗೆ ಬಾಯಿ, ಕಿವಿರು ಎರಡೂ ಹೊಟ್ಟೆ ಕಡೆ. ಇದರ ಬಾಯಿ ಮೂತಿ ತುದೀಲಿ, ಕಿವಿರು ಪಕ್ಕದಲ್ಲಿ. ಶಾರ್ಕು ಕಣ್ರೋ, ಕಣ್ಣು ಬಾಡಿಗೆಗೆ ಕೊಟ್ಟಿದ್ದೀರಾ?"

ಅದರಲ್ಲೂ ಎರಡು ಜಾತಿ ಅಂತ ಕಂಡುಹಿಡಿದಳು. ಬೆನ್ನ ಮೇಲೆ ಮುಳ್ಳಿನ ಸಾಲಿರೋದು ಒಂದು, ನುಣ್ಣಗಿರೋದು ಇನ್ನೊಂದು. ಆಫೀಸಿನ ಸಾಹೇಬ್ರು ಅವಳ ಮಾತು ನಂಬಿ ಬಣ್ಣದ ಚಾರ್ಟು ಅಚ್ಚು ಹಾಕಿಸಿ, ಕೆಳಗೆ ಸಹಿ ಮಾಡಿ ಗೋಡೆಗೆ ಹೊಡೆಸಿದ್ರು.

ಒಂದು ಬೆಳಿಗ್ಗೆ ನಮ್ಮನೆ ಬಾಗಿಲಷ್ಟು ದೊಡ್ಡ ನುಣ್ಣನೆಯದು ಜೀವಂತ ಬಂತು. ನಿಮ್ಮಜ್ಜಿ ಕಿಟಕಿಯಷ್ಟು ಅಂತಾಳೆ, ಅವಳೇನು ಅಲ್ಲಿದ್ಳಾ? ಅಕ್ಕ ಮಗುಚಿದಳು ನೋಡಿ, ಪುಳಕ್ ಪುಳಕ್ ಅಂತ ಏಳು ಮರಿ ಹೊರಗೆ ಬಿದ್ವು. ಒಂದೊಂದರ ಬೆನ್ನ ಮೇಲೂ ಮುಳ್ಳಿನ ಸಾಲು!

"ಪಕ್ಕದ ಮನೆ ಮಕ್ಕಳಿರಬೇಕು ಬಿಡಕ್ಕಾ" ಅಂದೆ.

"ಹೊಟ್ಟೆಯೊಳಗೆ ಯಾವ ಪಕ್ಕದ ಮನೆನೋ ಮುಠ್ಠಾಳ? ಇವಕ್ಕೆ ಬೆಳೀತಾ ಬೆಳೀತಾ ಮುಳ್ಳು ಸವೆಯುತ್ತೆ. ಹನ್ನೊಂದು ವರ್ಷ ತಾಯಿ ಒಂದು ಬುಟ್ಟಿ, ಮಕ್ಕಳು ಇನ್ನೊಂದು ಬುಟ್ಟಿ ಮಾಡಿದ್ನಲ್ಲೋ!"

ಮೀನು ವಿಂಗಡಿಸೋ ಆ ಶೆಡ್ಡಲ್ಲಿ ಅವಳಿಗಿದ್ದ ಆಸ್ತಿ ಅಂದ್ರೆ ಅವಳ ಮಾತು. ಅದು ಹೋದ್ರೆ ಕೆಲಸಾನೂ ಹೋದಂಗೇ. "ಯಾರೂ ನೋಡಿಲ್ಲ, ಎಲ್ಲಾ ನೀರಿಗೆ ಬಿಟ್ಟುಬಿಡೋಣ" ಅಂದೆ. ನನ್ನನ್ನೂ ಮಗುಚಿ ಕಿವಿರು ಹುಡುಕೋ ಹಾಗೆ ದುರುಗುಟ್ಟಿದಳು. ತಾಯೀನ, ಆರು ಮರೀನ ನೀರಿಗೆ ಬಿಡಿಸಿ, ಸತ್ತಿದ್ದ ಒಂದನ್ನ ಬಕೆಟ್ಟಿಗೆ ಹಾಕ್ಕೊಂಡು ಸೀದಾ ಆಫೀಸಿಗೆ ನಡೆದಳು.

ಸಾಹೇಬ್ರು ಕೇಳಿ ಬೆವೆತುಹೋದ್ರು. "ಅಕ್ಕಾ, ಮೆತ್ತಗೆ. ಗೋಡೆ ಮೇಲೆ ನನ್ನ ಸಹಿ ಇದೆ."

"ಸಹಿ ನಿಮ್ದು, ತಪ್ಪು ನಂದು."

"ಮೇಲಿನವರಿಗೆ ಗೊತ್ತಾದ್ರೆ ನಿಮ್ಮನ್ನ ಹೇಗೆ ಇಟ್ಕೊಳ್ಳಲಿ?"

"ಇಟ್ಕೋಬೇಡಿ. ನಾಳೆ ಬಲೆ ಬಂದಾಗ ಯಾವುದು ತೊರಕೆ, ಯಾವುದು ಶಾರ್ಕು, ನೀವೇ ಹೇಳಿ."

ಸಾಹೇಬ್ರು ಬಕೆಟ್ ನೋಡಿದ್ರು, ಅಕ್ಕನ್ನ ನೋಡಿದ್ರು, ಆಮೇಲೆ ಹಳೇ ಪುಸ್ತಕ ತರಿಸಿದ್ರು. ಎಲ್ಲಾ ತಿದ್ದೋಕೆ ಹದಿನೇಳು ದಿನ ಹಿಡೀತು. ಅವಳು ಹೇಳ್ತಾ ಹೋದಳು, ಅವರು ಗೀಟು ಹೊಡೀತಾ ಹೋದ್ರು. ಒಂದೊಂದು ಪುಟಕ್ಕೂ "ಇದೂ ನನ್ನ ತಪ್ಪೇ, ಬರ್ಕೊಳ್ಳಿ" ಅನ್ನೋಳು. ಕೊನೆಕೊನೆಗೆ ಸಾಹೇಬ್ರು ಪೆನ್ನು ಕೆಳಗಿಟ್ಟು ಕೈಮುಗಿದ್ರು: "ಗೊತ್ತಾಯ್ತು ತಾಯಿ, ಗೊತ್ತಾಯ್ತು. ಮುಂದಿನ ಪುಟಕ್ಕೆ ಬನ್ನಿ."