ಗುಡ್ಡಪ್ಪ ಸಾಕಿದ ರಣಹದ್ದು

ಸಂಡೂರಿನ ಬೆಟ್ಟದಡಿ ಎಮ್ಮೆ ಮೇಯಿಸುತ್ತಿದ್ದ ಗುಡ್ಡಪ್ಪ ಕೆಟ್ಟವನೇನಲ್ಲ, ಅವಸರದವನು. ಆದರೂ ಅವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಎಪ್ಪತ್ನಾಲ್ಕರ ಮಾಘದಲ್ಲಿ ಚಿರತೆಯೊಂದು ಅವನ ಬೆಳೆದ ಎಮ್ಮೆಗರುವನ್ನು ಕೊಂದು ಅರ್ಧ ತಿಂದು ಹೋಯಿತು. ಕಾಲುವೆ ನೀರು ಬಂದ ಮೇಲೆ ಕಂಪ್ಲಿಯ ಗದ್ದೆಗಳಲ್ಲಿ ಎಂಡ್ರಿನ್ ಎಂಬ ಕೀಟನಾಶಕಕ್ಕೇನು ಬರವಿರಲಿಲ್ಲ. ಒಂದು ಡಬ್ಬಿ ತಂದು ಹೆಣಕ್ಕೆ ಸುರಿದ. ಚಿರತೆ ಕತ್ತಲಾದ ಮೇಲೆ ಬರುವುದು, ಅಲ್ಲಿಯವರೆಗೆ ಹೆಣಕ್ಕೆ ಜಾಲಿಮುಳ್ಳು ಮುಚ್ಚಬೇಕು ಎಂಬುದು ದನ ಕಾಯುವವರಿಗೆಲ್ಲ ಗೊತ್ತು. ಗುಡ್ಡಪ್ಪ ಮುಚ್ಚಲಿಲ್ಲ. ಮಧ್ಯಾಹ್ನವೇ ರಣಹದ್ದುಗಳು ಇಳಿದವು. ಆ ಬೆಟ್ಟದಲ್ಲಿದ್ದ ಏಳೂ ಸಂಜೆಗೆ ಸತ್ತು ಬಿದ್ದವು. ಚಿರತೆ ಆ ಕಡೆ ತಲೆ ಕೂಡ ಹಾಕಲಿಲ್ಲ.

ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಟ್ಟು, ತಿಂದು ಬಂದದ್ದನ್ನು ಮರಿಯ ಬಾಯಿಗೆ ಕಕ್ಕಿ ಸಾಕುತ್ತವೆ. ಅಂಥ ಒಂದು ಮರಿ ಬಂಡೆಯ ಸೀಳಿನಲ್ಲಿ ಉಳಿದಿತ್ತು. ಮೂರು ದಿನ ಕೂಗಿತು, ಮೂರೂ ದಿನ ಗುಡ್ಡಪ್ಪ ಕೇಳಿದ. ನಾಲ್ಕನೆಯ ದಿನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿನಿಂದ ಇಳಿದ. ಮುಂದಿಟ್ಟ ಮಾಂಸವನ್ನು ಮರಿ ಮುಟ್ಟಲೂ ಇಲ್ಲ. ಆಗ ತಾನೇ ಅಗಿದು ಬಾಯಿ ತೆರೆದ. ಕೊಕ್ಕು ತೂರಿಸಿ ತಿಂದಿತು. ಅವನ ತುಟಿ ಹರಿಯಿತು. ಇದೊಂದನ್ನಾದರೂ ಉಳಿಸಿಕೊಂಡರೆ ಸಾಕೆಂದು ಹೆಂಡತಿ ಹುಲುಗಮ್ಮನ ಮುಂದೆ ಅತ್ತ. ದಿನಾ ಹೋದ. ಊರವರು ನಕ್ಕರು; ನಗುವುದಕ್ಕೇನು ಖರ್ಚು?

ವೈಶಾಖದ ಕೊನೆಗೆ ಮರಿ ಹಾರಿತು. ಹಾರಿ ಹೋಗುವುದಾದರೂ ಎಲ್ಲಿಗೆ? ತನ್ನವರೆನ್ನುವವರು ಒಬ್ಬರೂ ಇಲ್ಲ. ಗುಡ್ಡಪ್ಪನ ಹಿಂದೆಯೇ ಬಂದು ಅವನ ಮನೆಯ ಮಾಳಿಗೆಯ ಮೇಲೆ ಕೂತಿತು.

ರಣಹದ್ದು ಕೂತ ಮನೆಗೆ ಆರು ತಿಂಗಳು ಬೀಗ ಹಾಕಬೇಕು, ಇಲ್ಲವೇ ಹಕ್ಕಿಯನ್ನು ಕೊಲ್ಲಬೇಕು ಎಂಬುದು ಆ ಊರಿನ ಕಟ್ಟಳೆ. ಒಳಗೆ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಗಾಳೆಮ್ಮ ನೋವು ತಿನ್ನುತ್ತಿದ್ದಳು. ಊರ ಹಿರಿಯ ಓಬಳೇಶ ಹತ್ತು ಜನರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ. ಗುಡ್ಡಪ್ಪ ಕೂಗಿ ಓಡಿಸಿದ, ಕಲ್ಲೆಸೆದ. ಅದು ಹಾರಿ, ಸುತ್ತು ಹಾಕಿ, ಮತ್ತೆ ಅಲ್ಲೇ ಕೂತಿತು.

ಹುಲುಗಮ್ಮ ಕೊಡಲಿ ತಂದು ಅವನ ಕೈಗಿಟ್ಟಳು. "ಮಗಳು ಬೇಕೋ, ಹದ್ದು ಬೇಕೋ, ಹೇಳ್ರಿ."

ಅವನು ಏಣಿ ಹತ್ತಿದ. ಬೆನ್ನ ಹಿಂದೆ ಕೊಡಲಿ ಹಿಡಿದು ಬಾಯಿ ತೆರೆದ. ಕೆಳಗಿದ್ದವರಿಗೆ ಒಂದೇ ಏಟಿನ ಸದ್ದು ಕೇಳಿತು.

ಇಳಿದು ಬಂದವನನ್ನು ಓಬಳೇಶ, ಹಕ್ಕಿ ಮೈಮೇಲೆ ಏರಿ ಬಂತೇನು ಎಂದು ಕೇಳಿದ.

"ಇಲ್ರಿ," ಅಂದ ಗುಡ್ಡಪ್ಪ. "ಉಣ್ಣಾಕ ಬಂತು."