ಕಾಕಾ ತೆರೆದಿಟ್ಟ ಕಂಪ್ಯೂಟರ್

ಗೆಳೆಯರೇ, ಇವತ್ತು ಸೊಲ್ಲಾಪುರದಲ್ಲಿ ಕೂತು ನಾನು ನೋಡಿದ್ದು ಬರೀ ಕಪ್ಪು ಪರದೆ. ಅಕ್ಕಲಕೋಟೆಯ ಬೇಳೆ ಮಿಲ್ಲಿನ ಲಿನಕ್ಸ್ ಕಂಪ್ಯೂಟರಿಗೆ ಇಲ್ಲಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ, ನಿಂತುಹೋದ ಬಿಲ್ಲಿಂಗ್ ಸರಿಮಾಡಬೇಕಿತ್ತು. ಪಾಸ್‌ವರ್ಡ್ ಒಪ್ಪುತ್ತಿತ್ತು, ಪರದೆ ಕಪ್ಪಾಗುತ್ತಿತ್ತು. ಸೆಟ್ಟಿಂಗ್ ಬದಲಿಸಿದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ನೆಟ್‌ವರ್ಕಿಗೆ ಬೈದೆ. ಫೋನಿನಲ್ಲಿ ಮಿಲ್ಲಿನ ಗುಮಾಸ್ತ ಶಿವಪ್ಪ ಕಾಕಾ. ಅವರ ಹಿಂದೆ ತೊಗರಿ ತಂದ ಟ್ರ್ಯಾಕ್ಟರ್‌ಗಳ ಹಾರ್ನ್.

"ಬಂದಿ ಏನವಾ? ಮಂದಿ ಒದರಾಕತ್ತಾರ!"

ಆಗ ಹೊಳೆಯಿತು. "ಕಾಕಾ, ನೀವೇನರ ಅದರಾಗ ಲಾಗಿನ್ ಆಗೀರೇನು?"

"ಹೌದವಾ! ನೀ ಬರ್ತಿ ಅಂತ ಮುಂಜಾನೆನ ತಗದು ತಯಾರ ಇಟ್ಟೀನಿ."

ಅದೇ ಲಾಗಿನ್ ಹೆಸರಿನಲ್ಲಿ ಅಲ್ಲೊಬ್ಬರು ಮೊದಲೇ ಒಳಗಿದ್ದರೆ, ದೂರದಿಂದ ಬಂದವರಿಗೆ ಆ ಕಂಪ್ಯೂಟರ್ ಕತ್ತಲೆಯನ್ನೇ ತೋರಿಸುತ್ತದೆ.

"ಲಾಗೌಟ್ ಮಾಡ್ರಿ ಕಾಕಾ."

"ಬೀಗರು ಬರೂ ಹೊತ್ತಿಗೆ ಯಾರರ ಬಾಗಲಾ ಹಾಕತಾರೇನವಾ?"

"ಹಾಕ್ರಿ!" ಎಂದು ಚೀರಿದೆ. ಹಾಕಿದರು. ಮತ್ತೆ ಪ್ರಯತ್ನಿಸಿದೆ, ಪರದೆ ಬೆಳಗಿತು, ಬಿಲ್ಲುಗಳು ಹೊರಟವು, ಹಾರ್ನ್ ನಿಂತಿತು.

ಮುಗಿಸಿ ಫೋನ್ ಇಡುವಾಗ ಕಾಕಾ ತಡೆದರು: "ಅಷ್ಟು ದೂರದಿಂದ ಬಂದಿ, ಚಹಾ ಕುಡದರ ಹೋಗವಾ."

ಬಾಗಿಲು ತೆರೆದಿದ್ದಾಗ ಹೊರಗೆ ನಿಲ್ಲಿಸಿ, ಮುಚ್ಚಿದ ಮೇಲೆ ಒಳಗೆ ಬಿಟ್ಟು, ಚಹಾಕ್ಕೂ ಕರೆದ ಮನೆ ಇದೊಂದೇ.