ಹಣೆಗೆ ಕುಂಕುಮವಿಟ್ಟ ಷೇರು ಪತ್ರ

ಡಾಲಸ್ ಪಕ್ಕದ ಮರ್ಫಿ ಊರಿನ ಮಹಾಂತಪ್ಪನವರ ಬಳಿ ನೂರಾ ಎಪ್ಪತ್ತು ಗಣಿ ಕಂಪನಿಗಳ ಷೇರುಗಳಿದ್ದವು. ನೂರಾ ಎಪ್ಪತ್ತೂ ಕಂಪನಿಗಳು ಅವರು ಹುಟ್ಟುವ ಎಷ್ಟೋ ಮೊದಲೇ ಬಾಗಿಲು ಹಾಕಿದ್ದವು. ಇದನ್ನು ಹೊಸಬರಿಗೆ ಹೇಳುವಾಗ ಅವರ ಮುಖದ ಮೇಲಿನ ಹೆಮ್ಮೆ ನೋಡಿದರೆ, ಆ ಕಂಪನಿಗಳನ್ನೆಲ್ಲ ಮುಳುಗಿಸಿದವರು ಇವರೇ ಇರಬೇಕು ಅನ್ನಿಸುತ್ತಿತ್ತು.

ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದ ಮನುಷ್ಯ. ಎಂಜಿನಿಯರಿಂಗ್ ಓದಿ ಟೆಕ್ಸಸ್ಸಿಗೆ ಬಂದು, ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪೈಪುಗಳ ಜೊತೆ ಹೆಣಗಾಡಿ, ನಿವೃತ್ತರಾದ ಮೇಲೆ ಮರ್ಫಿಗೆ ಬಂದರು. ಹ್ಯೂಸ್ಟನ್ನಿನಲ್ಲಿದ್ದಾಗ ಭಾನುವಾರದ ಸಂತೆಯೊಂದರಲ್ಲಿ ಹಳೆಯ ಕುರ್ಚಿ ಕೊಳ್ಳಲು ಹೋದಾಗ ಅವರ ಕೈಗೆ ಹಳದಿ ತಿರುಗಿದ ಷೇರು ಪತ್ರವೊಂದು ಸಿಕ್ಕಿತು. ಟೊಪ್ಪಿಗೆಗೆ ದೀಪ ಸಿಕ್ಕಿಸಿಕೊಂಡ ಇಬ್ಬರು ಕೆಲಸಗಾರರು ಸುರಂಗದ ಬಾಯಲ್ಲಿ ಬುತ್ತಿ ಬಿಚ್ಚಿ ಕೂತ ಚಿತ್ರ ಅದರ ಮೇಲಿತ್ತು. ಹಟ್ಟಿಯಲ್ಲಿ ಅವರ ಅಪ್ಪ ಹೀಗೇ ಕೂತು ರೊಟ್ಟಿ ತಿನ್ನುತ್ತಿದ್ದರು. ಕುರ್ಚಿ ಸಂತೆಯಲ್ಲೇ ಉಳಿಯಿತು.

ಹೆಂಡತಿ ಉಷಾರಾಣಿಗೆ ಮಾತ್ರ ಅದೆಲ್ಲ ರದ್ದಿ. "ಮುಳುಗಿದ ಕಂಪನಿ ಕಾಗದಾ ತಂದು ಮನಿ ತುಂಬಸ್ತಾರ ನಮ್ಮವರು" ಎಂದು ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತು ಹೇಳಿದರೆ ಹೆಂಗಸರೆಲ್ಲ ನಗುತ್ತಿದ್ದರು. ಮಹಾಂತಪ್ಪನವರೂ ನಗುತ್ತಿದ್ದರು, ಆದರೆ ಒಳಗೆ ಚುರುಕ್ ಎನ್ನುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಹಾಳೆಯನ್ನೂ ಆಕೆ ಕೈಗೆತ್ತಿಕೊಂಡು ನೋಡಿರಲಿಲ್ಲ.

ಅವರ ದೊಡ್ಡ ಆಸೆ ಒಂದೇ. ನೆವಾಡಾದ ಪುಟ್ಟ ಬೆಳ್ಳಿ ಗಣಿಯೊಂದು ೧೮೭೮ರಲ್ಲಿ ಒಂದೇ ದಿನ ಒಂದೇ ಮನೆಯವರಿಗೆ ಮೂರು ಷೇರು ಪತ್ರ ಕೊಟ್ಟಿತ್ತು. ನಲವತ್ತೊಂದನೆಯದು ಗಂಡನ ಹೆಸರಿಗೆ, ನಲವತ್ತಮೂರನೆಯದು ಮಗಳ ಹೆಸರಿಗೆ. ಎರಡೂ ಮಹಾಂತಪ್ಪನವರಲ್ಲಿದ್ದವು. ನಡುವಿನದು, ಹೆಂಡತಿಯದು, ಹನ್ನೊಂದು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ. ಈ ವರ್ಷ ಅದು ಆಸ್ಟಿನ್ನಿನಲ್ಲಿರುವ ಹಯಗ್ರೀವ ಎಂಬ ಮೈಸೂರಿನ ನಿವೃತ್ತ ಡಾಕ್ಟರ ಬಳಿ ಇದೆಯೆಂದು ಗೊತ್ತಾಯಿತು. ಡಾಕ್ಟರಿಗೂ ಇದೇ ಹುಚ್ಚು. ಅವರು ಮಾರುವವರಲ್ಲ, ಅದಲುಬದಲಿಗೆ ಮಾತ್ರ ತಯಾರು. ಅವರ ಕಣ್ಣು ಇವರ ಕೊಲೊರಾಡೊ ಪತ್ರದ ಮೇಲಿತ್ತು. ಅದರ ನಡುವೆ ನಾಣ್ಯದ ರಾಶಿಯ ಪಕ್ಕ, ಹಣ್ಣು ತುಂಬಿದ ಕೊಂಬು ಹಿಡಿದು ಹೆಂಗಸೊಬ್ಬಳು ಕೂತಿದ್ದಳು. ನೂರಾ ನಲವತ್ತು ವರ್ಷದಲ್ಲಿ ಅದರ ಮೇಲೆ ಒಂದು ಕಲೆ ಬಿದ್ದಿರಲಿಲ್ಲ. ಒಂದು ವಾರ ಹಿಂದೆಮುಂದೆ ನೋಡಿ ಮಹಾಂತಪ್ಪನವರು ಒಪ್ಪಿದರು. ದೀಪಾವಳಿ ಕಳೆದ ಮೇಲಿನ ಶನಿವಾರ ಡಾಕ್ಟರ ಮನೆಯಲ್ಲಿ ಎಂದು ನಿಗದಿಯಾಯಿತು. ಪತ್ರವನ್ನು ಹಬ್ಬಕ್ಕೆ ಮೊದಲೇ ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಫೈಲಿನಲ್ಲಿ ಇಟ್ಟುಬಿಟ್ಟರು.

ಹೊರಡುವ ದಿನ ಉಷಾರಾಣಿ ಕರ್ಜಿಕಾಯಿ ಡಬ್ಬಿ ಹಿಡಿದು ಕಾರಿನ ಹತ್ತಿರ ಬಂದು ನಿಂತರು. "ನಾನೂ ಬರ್ತೀನ್ರಿ."

ಇಂಥ ಕೆಲಸಕ್ಕೆ ಆಕೆ ಎಂದೂ ಜೊತೆಗೆ ಬಂದವರಲ್ಲ. ಮಹಾಂತಪ್ಪನವರಿಗೆ ಆಶ್ಚರ್ಯವಾಯಿತು, ಕೇಳದೆ ಬಾಗಿಲು ತೆಗೆದರು.

ಡಾಕ್ಟರು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು ಕಾದಿದ್ದರು. ಫೈಲಿನಿಂದ ಪತ್ರವನ್ನು ಮೆಲ್ಲಗೆ ಹೊರತೆಗೆದವರು ಹಾಗೇ ನಿಂತುಬಿಟ್ಟರು. ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿತ್ತು. ಚಿತ್ರದ ಹೆಂಗಸಿನ ಹಣೆಗೆ ದುಂಡಗೆ ಕುಂಕುಮ ಇತ್ತು, ಸ್ವಲ್ಪ ಮೂಗಿನ ಮೇಲೂ ಉದುರಿತ್ತು.

"ಅಯ್ಯೋ, ಹಾಳಾಗೋಯ್ತಲ್ಲ ಮಹಾಂತಪ್ಪನೋರೆ. ಯಾರು ಮಾಡಿದ್ದು ಇದನ್ನ?"

ಮಹಾಂತಪ್ಪನವರಿಗೆ ಎಲ್ಲ ಹೊಳೆಯಿತು. ಅಮಾವಾಸ್ಯೆಯ ಸಂಜೆ ತಾವು ಹೊರಗೆ ದೀಪದ ಸರ ಕಟ್ಟುತ್ತಿದ್ದಾಗ ಉಷಾರಾಣಿ ಈ ಪತ್ರವನ್ನು ಲಕ್ಷ್ಮೀ ಪೂಜೆಗೆ ಇಟ್ಟಿದ್ದಾರೆ. ಸಿಟ್ಟು ನೆತ್ತಿಗೇರಿತು. ತಿರುಗಿ ನೋಡಿದರೆ ಆಕೆ ಸೋಫಾದ ತುದಿಯಲ್ಲಿ ಕೂತಿದ್ದರು. ಶುಭ ಮಾಡಿದೆನೆಂಬ ನಗು ಇನ್ನೂ ತುಟಿಯ ಮೇಲಿತ್ತು, ಕಣ್ಣಿಗೆ ಮಾತ್ರ ಆಗಬಾರದ್ದು ಆಗಿದೆಯೆಂದು ತಿಳಿದುಹೋಗಿತ್ತು.

"ನಾನ ಹಚ್ಚೀನ್ರಿ ಡಾಕ್ಟ್ರ" ಎಂದರು ಮಹಾಂತಪ್ಪನವರು. "ಹಬ್ಬದ ಗದ್ದಲದಾಗ ತಿಳೀಲಿಲ್ಲ ನೋಡ್ರಿ."

ಕೈ ತೊಳೆಯದೆ ಆಪರೇಷನ್ ಮಾಡಿದವನನ್ನು ನೋಡುವಂತೆ ಡಾಕ್ಟರು ಅವರನ್ನು ನೋಡಿದರು. "ಕ್ಷಮಿಸ್ಬೇಕು, ಕಲೆ ಬಿದ್ದಿದ್ದು ನಾನು ತಗೊಳ್ಳಲ್ಲ." ಕಾಫಿ ಕೊಟ್ಟರು, ಕರ್ಜಿಕಾಯಿ ಎರಡೆರಡು ತಿಂದರು, ನಲವತ್ತೆರಡನೆಯ ಪತ್ರವನ್ನು ಕೈಗೆ ಕೊಟ್ಟು ತೋರಿಸಿದರು. ಮಹಾಂತಪ್ಪನವರು ಅದನ್ನು ಎರಡು ಸಲ ಓದಿ ವಾಪಸ್ ಕೊಟ್ಟರು.

ವಾಪಸ್ ಹೊರಟ ಕಾರು ಡಾಲಸ್ ದಾರಿಯ ವೇಕೋ ಊರು ದಾಟಿತು.

"ಅದೇನು ಲಕ್ಷ್ಮಿ ಫೋಟೋನಾ, ಪೂಜಿಗೆ ಇಡಾಕ?" ಎಂದು ಕೊನೆಗೆ ಕೇಳಿದರು ಮಹಾಂತಪ್ಪನವರು.

"ಕಮಲಾ ಒಂದಿಲ್ಲ, ಉಳಿದದ್ದೆಲ್ಲ ಹಂಗ ಐತಲ್ರಿ" ಎಂದರು ಉಷಾರಾಣಿ. "ನಲವತ್ತೆರಡು ನಿಮಗ ಸಿಗಲಿ ಅಂತ ಬೇಡಿಕೊಂಡು ಕುಂಕುಮ ಇಟ್ಟೆ."

"ನಂಬರ್ ನಿನಗ ಹೆಂಗ ಗೊತ್ತು?"

"ಹನ್ನೊಂದು ವರ್ಷದಿಂದ ಅದನ್ನ ಕೇಳಾಕತ್ತೀನಿ. ಗೊತ್ತಾಗಲಾರದೇನು?" ಆಕೆಯ ದನಿ ಒದ್ದೆಯಾಗಿತ್ತು. "ನೀವು ಯಾಕ ಸುಳ್ಳ ಹೇಳಿದ್ರಿ?"

"ಇಪ್ಪತ್ತು ವರ್ಷಕ್ಕೊಮ್ಮೆ ನನ್ನ ಹಾಳಿ ಕೈಯಾಗ ಹಿಡದಿ. ಅದಕ್ಕೂ ಮಂದಿ ಮುಂದ ಬೈಸಲೇನು?"

ಉಷಾರಾಣಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಕಾಲು ಮೇಲೆತ್ತಿ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

"ಯಾರ್ರಿ ಆಕಿ, ನಲವತ್ತೆರಡು? ಮೊದಲಿಂದ ಹೇಳ್ರಿ."

ಡಾಲಸ್ ಇನ್ನೂ ತೊಂಬತ್ತು ಮೈಲಿ ಇತ್ತು. ಮಹಾಂತಪ್ಪನವರಿಗೆ ಅದು ತೀರ ಹತ್ತಿರ ಅನ್ನಿಸಿತು. ಕಾರನ್ನು ಬಲಗಡೆಯ ಲೇನಿಗೆ ತಂದು, ಲಾರಿಗಳ ಹಿಂದೆ ನಿಧಾನಕ್ಕೆ ಬಿಟ್ಟುಕೊಂಡು, "ಆಕಿ ಹೆಸರು ಹ್ಯಾರಿಯೆಟ್" ಎಂದು ಶುರು ಮಾಡಿದರು.